ಬಿಡಿಸಿದರೆ ಲೆಕ್ಕವಾಗುವ ಪೆಟ್ಟಿಗೆ

ಪುಂಜಾಲಕಟ್ಟೆ ಪೇಟೆಯಿಂದ ಸ್ವಲ್ಪ ಒಳಗೆ, ಹೆಂಚಿನ ಮನೆಯೊಂದರ ಚಾವಡಿಯಲ್ಲಿ ಬೆಳಕು ಹರಿಯುವ ಮೊದಲೇ ಮೈದಾ ಅಂಟು ಕುದಿಯುತ್ತಿದೆ. ಸೀಮೆಎಣ್ಣೆ ಸ್ಟವ್‌ನ ಮುಂದೆ ಮಣೆ ಹಾಕಿ ಕೂತ ಪ್ರಫುಲ್ಲಾ ಶೆಟ್ಟಿ ಅದನ್ನು ಮರದ ಕೋಲಿನಿಂದ ತಿರುವುತ್ತಾ ಚಿಟಿಕೆ ಮೈಲುತುತ್ತು ಉದುರಿಸುತ್ತಾರೆ. ಅದು ಬಿದ್ದರೆ ಜಿರಳೆ ಬರುವುದಿಲ್ಲ, ಮಳೆಗಾಲದಲ್ಲಿ ಬೂಷ್ಟು ಹಿಡಿಯುವುದಿಲ್ಲ. ಅಂಟು ಆರುವಷ್ಟರಲ್ಲಿ ರಟ್ಟಿನ ಹಾಳೆ ನೆಲಕ್ಕೆ ಬರುತ್ತದೆ. ಸ್ಟೀಲಿನ ಸ್ಕೇಲ್ ಒತ್ತಿ ಹಿಡಿದು ಕಟ್ಟರ್ ಎಳೆದರೆ ಗೆರೆ ಒಂದೇ ಸಲಕ್ಕೆ ಸೀಳುತ್ತದೆ. ಎರಡನೇ ಸಲ ಎಳೆದರೆ ಅಂಚು ಒರಟಾಗುತ್ತದೆ ಎನ್ನುತ್ತಾರೆ ಅವರು. ಒರಟು ಅಂಚಿನ ಬಗ್ಗೆ ಅವರಿಗೆ ತುಂಬ ಭಯ. ಅದಕ್ಕೆ ಕಾರಣವುಂಟು, ಮುಂದೆ ಹೇಳುತ್ತೇನೆ.

ಅವರ ಬಲಗಡೆ ಗೋಡೆಯುದ್ದಕ್ಕೂ ಸಿಹಿತಿಂಡಿಯ ಪೆಟ್ಟಿಗೆಗಳು ಒಂದರೊಳಗೊಂದು ಕೂತು ಕಂಬದಂತೆ ನಿಂತಿವೆ. ಮೂಡುಬಿದಿರೆ, ಬೆಳ್ತಂಗಡಿ, ಬಂಟ್ವಾಳದ ಅಂಗಡಿಗಳಿಗೆ ಹೋಗುವಂಥವು. ದಿನಕ್ಕೆ ನೂರರಷ್ಟು ಆಗುತ್ತವೆ, ಹಬ್ಬದ ಸಮಯದಲ್ಲಿ ಜಾಸ್ತಿ. ಎಡಗಡೆ, ಬಟ್ಟೆ ಹೊದಿಸಿದ ಮೇಜಿನ ಮೇಲೆ, ಬೇರೆಯೇ ಜಾತಿಯ ನಾಲ್ಕೈದು ಪೆಟ್ಟಿಗೆಗಳಿವೆ. ಒಂದಕ್ಕೆ ಮೂರು ಬದಿ, ಒಂದಕ್ಕೆ ಐದು, ಒಂದಕ್ಕೆ ಆರು, ಒಂದಕ್ಕೆ ಎಂಟು. ಇವುಗಳೊಳಗೆ ಏನನ್ನೂ ತುಂಬಿಸುವುದಿಲ್ಲ. ಹೀಗೆ ಎತ್ತಿ ಹಾಗೆ ಬಿಡಿಸಿದರೆ ಗೋಡೆಗಳೆಲ್ಲ ಉದ್ದ ಪಟ್ಟಿಯಾಗಿ ಮಲಗುತ್ತವೆ. ಮುಚ್ಚಳ ಮತ್ತು ತಳ ತ್ರಿಕೋನಗಳಾಗಿ ಅರಳುತ್ತವೆ. ಕಣ್ಣು ಕಾಣದ ಮಕ್ಕಳು ಮೇಲ್ಮೈ ವಿಸ್ತೀರ್ಣವನ್ನು ಬೆರಳಿನಿಂದ ಕಲಿಯಲು ಪ್ರಫುಲ್ಲಾ ಮಾಡಿಕೊಡುವ ಪೆಟ್ಟಿಗೆಗಳಿವು. ಇಂಥದ್ದು ಒಂದು ಆಗಲು ಇಡೀ ದಿನ ಬೇಕು.

"ಸ್ವೀಟ್ ಬಾಕ್ಸ್ ಮಾಡುವಾಗ ನಾನು ರೇಡಿಯೋ ಕೇಳ್ತೇನೆ. ಇದನ್ನು ಮಾಡುವಾಗ ರೇಡಿಯೋ ಬಂದ್," ಎಂದು ಅವರು ನಗುತ್ತಾರೆ.

ಪ್ರಫುಲ್ಲಾ ಅವರಿಗೆ ಈಗ ಐವತ್ತನಾಲ್ಕು. ಮದುವೆಗೆ ಮೊದಲೂ ಆಮೇಲೂ ಬಹಳ ವರ್ಷ ಮೂಡುಬಿದಿರೆಯ ಒಂದು ಮುದ್ರಣಾಲಯದ ಬೈಂಡಿಂಗ್ ವಿಭಾಗದಲ್ಲಿದ್ದರು. ಪುಸ್ತಕ ಹೊಲಿಯುವುದು, ರಟ್ಟು ಕೂರಿಸುವುದು, ಬೆನ್ನಿಗೆ ಕ್ಯಾಲಿಕೋ ಬಟ್ಟೆ ಅಂಟಿಸುವುದು. ಗಂಡ ಸಂಕಪ್ಪ ಬಂಟ್ವಾಳ-ಬೆಳ್ತಂಗಡಿ ದಾರಿಯ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಮುದ್ರಣಾಲಯದ ಮಾಲಕರು ತೀರಿಕೊಂಡ ಮೇಲೆ ಅದು ಮುಚ್ಚಿತು. ಅದೇ ವರ್ಷ ಸಂಕಪ್ಪರ ಮೊಣಕಾಲು ಕೈಕೊಟ್ಟು, ಓಡುವ ಬಸ್ಸಿನಲ್ಲಿ ನಿಲ್ಲಲಾರದೆ ಅವರೂ ಮನೆಗೆ ಬಂದರು. ಇಬ್ಬರೂ ಹಗಲು ಹೊತ್ತು ಒಬ್ಬರ ಮುಖ ಒಬ್ಬರು ನೋಡುತ್ತಾ ಕೂತ ದಿನಗಳು ಕೆಲವಿದ್ದವು ಎಂದು ಪ್ರಫುಲ್ಲಾ ನೆನೆಯುತ್ತಾರೆ. ಆಮೇಲೆ ಅವರೇ ಅಂಗಡಿಗಳಿಗೆ ಹೋಗಿ ಪೆಟ್ಟಿಗೆ ಬೇಕಾ ಎಂದು ಕೇಳಿದರು. ಸಂಕಪ್ಪ ತಮ್ಮ ಹಳೆಯ ಗೆಳೆಯರ ಬಸ್ಸುಗಳಲ್ಲಿ ಪೆಟ್ಟಿಗೆಯ ಕಟ್ಟುಗಳನ್ನು ಕಳಿಸುವ ವ್ಯವಸ್ಥೆ ಮಾಡಿದರು. ಆ ವ್ಯವಸ್ಥೆ ಇವತ್ತಿಗೂ ನಡೆಯುತ್ತಿದೆ.

ಗಣಿತದ ಪೆಟ್ಟಿಗೆ ಶುರುವಾದದ್ದು ಪಕ್ಕದ ಮನೆಯ ಹುಡುಗಿ ಪ್ರಾಪ್ತಿಯಿಂದ.

ಪ್ರಾಪ್ತಿಯ ತಾಯಿ ಪದ್ಮಾಕ್ಷಿ ಗೇರುಬೀಜದ ಕಾರ್ಖಾನೆಗೆ ಹೋಗುವವರು. ಅವರು ಮನೆಗೆ ಬರುವಾಗ ಸಂಜೆ ಕಳೆಯುತ್ತದೆ. ಹಾಗಾಗಿ ಶಾಲೆ ಬಿಟ್ಟ ಮಗಳು ಸಣ್ಣಂದಿನಿಂದಲೂ ಪ್ರಫುಲ್ಲಾ ಅವರ ಚಾವಡಿಯಲ್ಲೇ ಬೆಳೆದಳು. ಎಂಟನೇ ತರಗತಿಯಲ್ಲಿ ಅವಳ ಕಣ್ಣು ಮಂಜಾಗತೊಡಗಿತು. ಮೊದಲು ಕಪ್ಪುಹಲಗೆ ಕಾಣಲಿಲ್ಲ, ಆಮೇಲೆ ಪುಸ್ತಕ ಕಾಣಲಿಲ್ಲ. ಮಂಗಳೂರಿನ ಡಾಕ್ಟರು ಕಣ್ಣಿನ ಪರದೆಯ ಕಾಯಿಲೆ, ಹೋದ ದೃಷ್ಟಿ ಹಿಂದೆ ಬರುವುದಿಲ್ಲ ಎಂದು ಹೇಳಿದರು. ಆ ವರ್ಷ ಅವಳು ಶಾಲೆಗೆ ಹೋದದ್ದಕ್ಕಿಂತ ಚಾವಡಿಯ ಮೂಲೆಯಲ್ಲಿ ಕೂತದ್ದೇ ಹೆಚ್ಚು. ಆಗ ಪ್ರಫುಲ್ಲಾ ಸಮಾಧಾನ ಹೇಳಲಿಲ್ಲವಂತೆ. ಮಡಿಕೆ ಗೆರೆ ಹಾಕಿದ ರಟ್ಟನ್ನು ಅವಳ ಮಡಿಲಿಗೆ ಇಟ್ಟು, ಇದನ್ನು ಮಡಚಿ ಕೊಡು ಎಂದಷ್ಟೇ ಹೇಳಿದರು. ಹುಡುಗಿಯ ಬೆರಳು ಗೆರೆ ಹುಡುಕಿ ಮಡಚಲು ಕಲಿಯಿತು. ಮರುವರ್ಷ ಮನೆಗೆ ಬರುತ್ತಿದ್ದ ವಿಶೇಷ ಶಿಕ್ಷಕಿಯಿಂದ ಅದೇ ಬೆರಳು ಬ್ರೈಲ್ ಓದಲೂ ಕಲಿಯಿತು.

ಹತ್ತನೇ ತರಗತಿಗೆ ಬಂದಾಗ ಗಣಿತದ ಪ್ರಶ್ನೆ ಎದ್ದಿತು. ದೃಷ್ಟಿ ಇಲ್ಲದ ಮಕ್ಕಳು ಗಣಿತದ ಬದಲು ಬೇರೆ ವಿಷಯ ತೆಗೆದುಕೊಳ್ಳಬಹುದು, ನಿಯಮದಲ್ಲಿ ಅದಕ್ಕೆ ಅವಕಾಶವುಂಟು. ಶಾಲೆಯಲ್ಲಿ ಎಲ್ಲರೂ ಅದೇ ಒಳ್ಳೆಯದು ಎಂದರು. ಪದ್ಮಾಕ್ಷಿಗೂ ಹಾಗೇ ಕಂಡಿತು. ಪ್ರಾಪ್ತಿ ಮಾತ್ರ ಒಪ್ಪಲಿಲ್ಲ. ಕಣ್ಣು ಹೋಗುವ ಮೊದಲು ಅವಳಿಗೆ ಅತಿ ಹೆಚ್ಚು ಅಂಕ ಬರುತ್ತಿದ್ದದ್ದು ಗಣಿತದಲ್ಲಿ. ಮುಂದೆ ಕಾಮರ್ಸ್ ಓದಿ ಸಂಖ್ಯಾಶಾಸ್ತ್ರ ತೆಗೆದುಕೊಳ್ಳಬೇಕೆಂದು ಆಗಲೇ ಮನಸ್ಸಿನಲ್ಲಿತ್ತು. ಕಣ್ಣಿನ ಜೊತೆ ಇದನ್ನೂ ಯಾಕೆ ಕೊಡಬೇಕು ಎಂದು ಅವಳು ಒಂದು ಸಂಜೆ ಪ್ರಫುಲ್ಲಾ ಅವರನ್ನು ಕೇಳಿದಳು.

ಗಣಿತದ ಮೇಷ್ಟ್ರು ಕೃಷ್ಣಕುಮಾರ್ ಕಟುಕರೇನಲ್ಲ. ಅವರನ್ನು ನಾನು ಬೆಳ್ತಂಗಡಿಯ ಅವರ ಮನೆಯಲ್ಲಿ ಭೇಟಿ ಮಾಡಿದೆ, ಈಗ ನಿವೃತ್ತರು. "ಹುಡುಗಿ ಸೂತ್ರಗಳನ್ನೆಲ್ಲ ಬಾಯಿಪಾಠ ಹೇಳ್ತಿದ್ದಳು. ಆದರೆ ಒಂದು ಘನಾಕೃತಿ ಅಂದರೆ ಅವಳ ತಲೆಯಲ್ಲಿ ಎಂಥದು ನಿಲ್ತದೆ ಅಂತ ನನಗೆ ಗೊತ್ತಾಗ್ತಿರಲಿಲ್ಲ. ಪರೀಕ್ಷೆಯಲ್ಲಿ ಫೇಲಾದರೆ ಇಡೀ ವರ್ಷ ಹೋಯ್ತು. ಆ ಹೆದರಿಕೆ ನನಗಿತ್ತು," ಎಂದರು.

ಹಾಗಾಗಿ ಅವರು ಪಠ್ಯದಲ್ಲಿ ಇಲ್ಲದ ಒಂದು ಕೆಲಸ ಕೊಟ್ಟರು. ಪುಸ್ತಕದಲ್ಲಿ ಇದ್ದದ್ದು ಸಿಲಿಂಡರು, ಶಂಕು, ಗೋಲ. ಅವುಗಳ ಸೂತ್ರ ಅವಳಿಗೆ ಕಂಠಸ್ಥ. ಆರು ಬದಿಯ ಪಟ್ಟಕದ ಸೂತ್ರ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಎರಡು ಕಡೆ ಒಂದೇ ಥರದ ಷಟ್ಕೋನ, ನಡುವೆ ಆರು ನೆಟ್ಟಗಿನ ಗೋಡೆ, ಅದೇ ಪಟ್ಟಕ. ಬದಿಗಳೆಲ್ಲ ಸಮ, ಮೂಲೆಗಳೆಲ್ಲ ಸಮ ಇದ್ದರೆ ಆ ಷಟ್ಕೋನ ನಿಯಮಿತ. ಅಂಥದ್ದೊಂದು ವಸ್ತು ಹುಡುಕಿ ತಾ, ಅಳೆದು ಅದರ ಹೊರಮೈ ಒಟ್ಟು ಎಷ್ಟು ಎಂದು ನೀನೇ ಯೋಚಿಸಿ ಹೇಳು ಎಂದರು. ಹೇಳಿದರೆ ಗಣಿತ ಬರೆಯಬಹುದು.

ಪ್ರಾಪ್ತಿಗೆ ಖುಷಿಯೋ ಖುಷಿ. ಆರು ಬದಿಯ ಪೆಟ್ಟಿಗೆ ಪ್ರಫುಲ್ಲಾ ಮಾಮಿಯ ಚಾವಡಿಯಲ್ಲಿ ರಾಶಿ ಬಿದ್ದಿತ್ತು, ಒಣಹಣ್ಣು ತುಂಬಿಸಿ ಮಾರಲು ಒಂದು ಅಂಗಡಿಯವರು ಮಾಡಿಸುತ್ತಿದ್ದದ್ದು. ಅವಳು ಗುರುತು ಉಬ್ಬಿದ ತನ್ನ ಸ್ಕೇಲಿನಿಂದ ಒಂದು ಬದಿ ಅಳೆದಳು, ಆರು ಸೆಂಟಿಮೀಟರ್. ಎತ್ತರ ಹತ್ತು. ಒಂದು ಗೋಡೆಗೆ ಅರವತ್ತು ಚದರ ಸೆಂಟಿಮೀಟರ್, ಆರು ಗೋಡೆಗೆ ಮುನ್ನೂರ ಅರವತ್ತು. ಮುಚ್ಚಳ ಮತ್ತು ತಳದ ಲೆಕ್ಕ ಹೇಗೆಂದು ಇನ್ನೂ ಹೊಳೆದಿರಲಿಲ್ಲ, ಗೋಡೆಗಳಷ್ಟನ್ನು ಮಾತ್ರ ಮೇಷ್ಟ್ರಿಗೆ ಹೇಳಿದಳು. ಅವರು ಪೆಟ್ಟಿಗೆಯ ಸುತ್ತ ಒಂದು ಕಾಗದ ಬಿಗಿಯಾಗಿ ಸುತ್ತಿ, ಕತ್ತರಿಸಿ, ಬಿಡಿಸಿ ಅಳೆದರು. ಕಾಗದ ಮುನ್ನೂರ ಎಂಬತ್ತು ತೋರಿಸಿತು. ಮೇಷ್ಟ್ರು ಬೈಯಲಿಲ್ಲ. ಅಳತೆಯೇ ಹೀಗೆ ತಪ್ಪುವುದಾದರೆ ಕಷ್ಟ ಮಗೂ, ಬೇರೆ ವಿಷಯ ತೆಗೆದುಕೋ ಎಂದು ಮೆತ್ತಗೆ ಹೇಳಿದರು.

ಆ ಸಂಜೆ ಅವಳು ಚಾವಡಿಗೆ ಬಂದು ಪೆಟ್ಟಿಗೆಯನ್ನು ಇಟ್ಟ ರೀತಿಯಲ್ಲೇ ಪ್ರಫುಲ್ಲಾ ಅವರಿಗೆ ವಿಷಯ ಅರ್ಥವಾಯಿತು. ಚಾ ಕುಡಿಯಲಿಲ್ಲ. ಮಡಚಲು ರಟ್ಟು ಕೊಟ್ಟರೂ ಮುಟ್ಟಲಿಲ್ಲ. ಆಮೇಲೆ ಬೈಂಡಿಂಗಿನ ನೂಲಿನ ಉಂಡೆ ಕೇಳಿದಳು. ಒಂದು ಬದಿಯಷ್ಟು ಉದ್ದ ನೂಲು ಕತ್ತರಿಸಿ, ಅದನ್ನು ಎರಡನೇ ಬದಿಗೆ ಇಟ್ಟಳು, ಸರಿಯಾಯಿತು. ಮೂರನೆಯದಕ್ಕೆ ನೂಲು ಸಾಲಲಿಲ್ಲ. ಮತ್ತೆ ಇಟ್ಟು ನೋಡಿದಳು. ಸಾಲಲಿಲ್ಲ.

ಪ್ರಫುಲ್ಲಾ ಅಲ್ಲೇ ಕೈಕೆಲಸ ನಿಲ್ಲಿಸಿದರು. ಅವರಿಗೆ ನೆನಪಾಗಿತ್ತು. ಆ ಅಂಗಡಿಯ ಹೆಸರು ಉದ್ದ. ಒಂದು ಬದಿಯಲ್ಲಿ ಅಚ್ಚು ಕೂರುವುದಿಲ್ಲವೆಂದು ಮುಂಭಾಗದ ಗೋಡೆಯನ್ನು ಒಂದು ಸೆಂಟಿಮೀಟರ್ ಅಗಲ ಮಾಡಿದ್ದರು, ಸೊಟ್ಟ ಕಾಣಬಾರದೆಂದು ಹಿಂದಿನದನ್ನೂ ಅಷ್ಟೇ ಮಾಡಿದ್ದರು. ಕಣ್ಣಿಗೆ ಅದು ಅಚ್ಚುಕಟ್ಟಾದ ಆರು ಮೂಲೆಯ ಪೆಟ್ಟಿಗೆ. ಯಾರೂ ಅದರ ಬದಿ ಅಳೆಯಲು ಹೋಗುವವರಲ್ಲ.

ಪ್ರಫುಲ್ಲಾ ಆ ಸಂಜೆಯನ್ನು ನೆನೆದು ಹೇಳುತ್ತಾರೆ: "ಕಣ್ಣಿದ್ದವರಿಗೆ ಪೆಟ್ಟಿಗೆ ಅಂದರೆ ಪೆಟ್ಟಿಗೆ. ಅವಳಿಗೆ ಪುಸ್ತಕವೇ ಅದು. ಪುಸ್ತಕದಲ್ಲಿ ನಾನು ತಪ್ಪು ಅಚ್ಚು ಹಾಕಿ ಕೊಟ್ಟ ಹಾಗಾಯ್ತಲ್ಲ."

ಮರುದಿನ ಅವರು ಸೀರೆ ಬದಲಾಯಿಸಿ ಪ್ರಾಪ್ತಿಯ ಜೊತೆ ಶಾಲೆಗೆ ಹೋದರು. ಮಗುವಿನ ತಪ್ಪಲ್ಲ, ಪೆಟ್ಟಿಗೆಯದ್ದು ಎಂದು ಹೇಳಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡಿದ್ದರು. ಹೇಳುವ ಮೊದಲೇ ಪ್ರಾಪ್ತಿ ನೂಲಿನ ತುಂಡನ್ನು ಮೇಷ್ಟ್ರ ಕೈಗೆ ಕೊಟ್ಟಿದ್ದಳು.

"ಸರ್, ಇದು ನಿಯಮಿತ ಅಲ್ಲ. ನಾಲ್ಕು ಬದಿ ಆರು, ಎರಡು ಬದಿ ಏಳು. ಸುತ್ತಳತೆ ಮೂವತ್ತೆಂಟು. ನಿಮ್ಮ ಕಾಗದವೂ ಸರಿ, ನನ್ನ ಗುಣಾಕಾರವೂ ಸರಿ. ಒಂದೇ ಬದಿ ಅಳೆದು ಬಿಟ್ಟದ್ದು ಮಾತ್ರ ನನ್ನ ತಪ್ಪು."

ಕೃಷ್ಣಕುಮಾರ್ ಪೆಟ್ಟಿಗೆಯನ್ನು ತಿರುಗಿಸಿ ನೋಡಿದರು. ಸ್ಕೇಲ್ ತರಿಸಿ ಅಳೆದರು. ಆಮೇಲೆ ಪ್ರಫುಲ್ಲಾ ಅವರ ಕಡೆ ತಿರುಗಿ, ಆರೂ ಬದಿ ಸಮ ಇರುವ ಪೆಟ್ಟಿಗೆ ಮಾಡಿ ಕೊಡ್ತೀರಾ ಎಂದು ಕೇಳಿದರು. ಹೇಗೆ ಎಂದು ಇವರು ಕೇಳಿದರು. ಮೇಷ್ಟ್ರು ಕೈವಾರ ತೆಗೆದು ಒಂದು ವೃತ್ತ ಎಳೆದು, ಕೈವಾರವನ್ನು ಅಷ್ಟೇ ಅಗಲದಲ್ಲಿ ಹಿಡಿದು ಸುತ್ತ ಹೆಜ್ಜೆ ಹಾಕಿಸಿದರು. ಆರನೇ ಹೆಜ್ಜೆ ಶುರುವಾದಲ್ಲಿಗೇ ಬಂದು ನಿಂತಿತು. "ಅಷ್ಟು ವರ್ಷ ಆರು ಮೂಲೆಯ ಪೆಟ್ಟಿಗೆ ಮಾಡಿದ್ದೇನೆ, ಹಳೇ ಪೆಟ್ಟಿಗೆ ಇಟ್ಟು ಗೆರೆ ಎಳೆಯುವುದು ಬಿಟ್ಟರೆ ಬೇರೆ ಗೊತ್ತಿರಲಿಲ್ಲ. ಆ ಮೇಷ್ಟ್ರು ಕಲಿಸಿದ ಮೇಲೆಯೇ ನನಗೆ ಇದು ಬಂದದ್ದು," ಎಂದು ಪ್ರಫುಲ್ಲಾ ಹೇಳುತ್ತಾರೆ.

ಮೊದಲು ಮಾಡಿದ ಪೆಟ್ಟಿಗೆ ಅಳತೆಗೆ ಸರಿಯಿತ್ತು, ಆದರೆ ಅಂಚು ಒರಟಾಗಿ, ಹರಿತವಾಗಿತ್ತು. ಮೇಲಿಂದ ಕೆಳಗೆ ಕೈಯಾಡಿಸುವಾಗ ರಟ್ಟಿನ ಅಂಚು ಪ್ರಾಪ್ತಿಯ ತೋರುಬೆರಳನ್ನು ಕುಯ್ದಿತು. ಬೇರೆಯವರಿಗೆ ಅದು ಸಣ್ಣ ಗಾಯ. ಅವಳು ಬ್ರೈಲ್ ಓದುವುದು ಆ ಬೆರಳಿನಲ್ಲಿ. ಪರೀಕ್ಷೆ ಹತ್ತಿರ ಬರುತ್ತಿದ್ದ ಸಮಯ, ಗಾಯ ಮಾಗುವ ತನಕ ಏನೂ ಓದಲಾಗಲಿಲ್ಲ. ಪದ್ಮಾಕ್ಷಿ ಅಪರೂಪಕ್ಕೆ ಸ್ವರ ಏರಿಸಿ ಮಾತಾಡಿದರು. ಈ ಪೆಟ್ಟಿಗೆಯ ಹುಚ್ಚು ಸಾಕು, ಇರುವ ಬೆರಳನ್ನೂ ಕಳೆಯಬೇಡಿ ಎಂದರು. ಆ ಮಾತು ಪ್ರಫುಲ್ಲಾ ಅವರಿಗೆ ಈಗಲೂ ಕೇಳಿಸುತ್ತದಂತೆ.

ಆಗ ಅವರಿಗೆ ಬೈಂಡಿಂಗಿನ ಕೆಲಸ ನೆರವಿಗೆ ಬಂತು. ಪುಸ್ತಕದ ಬೆನ್ನಿಗೆ ಹಾಕುವ ಕ್ಯಾಲಿಕೋ ಬಟ್ಟೆಯನ್ನು ಸಪೂರ ಪಟ್ಟಿಗಳಾಗಿ ಸೀಳಿ ಪ್ರತಿಯೊಂದು ಅಂಚಿಗೂ ಸುತ್ತಿದರು. ಗೋಡೆಗಳ ನಡುವೆಯೂ ಅದೇ ಬಟ್ಟೆ, ಬಾಗಿಲ ಬಿಜಾಗರಿಯ ಹಾಗೆ. ಮಡಚಿದರೆ ಪೆಟ್ಟಿಗೆ, ಬಿಡಿಸಿದರೆ ಮೂವತ್ತಾರು ಸೆಂಟಿಮೀಟರ್ ಉದ್ದದ, ಹತ್ತು ಅಗಲದ ಪಟ್ಟಿ. ಮುಚ್ಚಳ, ತಳಗಳೇ ಕಷ್ಟದ್ದು. ಷಟ್ಕೋನದ ನಡುವಿನಿಂದ ಮೂಲೆಮೂಲೆಗೆ ಕತ್ತರಿಸಿದರೆ ಆರು ಸಮ ತ್ರಿಕೋನ ಬರುತ್ತದೆಂದು ಮೇಷ್ಟ್ರು ಹೇಳಿದ್ದರು. ಕತ್ತರಿಸಿದ್ದು ಚೆಲ್ಲಿ ಹೋಗದ ಹಾಗೆ ಹಿಡಿದಿಡಬೇಕಲ್ಲ? ಅವರು ಹೊರಗಿನ ಮೂಲೆಗಳಲ್ಲಿ ಮಾತ್ರ ಬಟ್ಟೆಯ ಚಿಕ್ಕ ಕೊಂಡಿ ಹಾಕಿದರು, ಒಂದು ಮೂಲೆಯನ್ನು ಬಿಟ್ಟರು. ಬಿಟ್ಟ ಮೂಲೆಯನ್ನು ಹಿಡಿದು ಎಳೆದರೆ ಷಟ್ಕೋನ ಬಿಚ್ಚಿ, ಆರು ತ್ರಿಕೋನಗಳು ಬಾಚಣಿಗೆಯ ಹಲ್ಲಿನ ಹಾಗೆ ಸಾಲಾಗಿ ನಿಂತವು. ಕೊಂಡಿ ಎಷ್ಟೋ ಸಲ ಹರಿಯಿತು. ಬಿಗಿಯಾದರೆ ಬಿಚ್ಚುವುದಿಲ್ಲ, ಸಡಿಲವಾದರೆ ತ್ರಿಕೋನ ಜಾರುತ್ತದೆ. ಅಂಗಡಿಯ ಪೆಟ್ಟಿಗೆಗಳು ತಡವಾದವು, ಒಬ್ಬರು ಬೇರೆ ಕಡೆ ಮಾಡಿಸಿಕೊಂಡರು. ಸಂಕಪ್ಪ ತಾವೇ ಅಂಟು ತಿರುವಲು ಕೂತರು.

ಆ ಪೆಟ್ಟಿಗೆ ಮೇಷ್ಟ್ರ ಕೊಠಡಿಗೆ ಹೋದ ದಿನ ಪ್ರಫುಲ್ಲಾ ಹೊರಗಿನ ಜಗಲಿಯಲ್ಲಿ ನಿಂತಿದ್ದರು. ಒಳಗೆ ನಡೆದದ್ದನ್ನು ನನಗೆ ವಿವರಿಸಿದ್ದು ಕೃಷ್ಣಕುಮಾರ್.

ಹುಡುಗಿ ಗೋಡೆಗಳ ಪಟ್ಟಿಯನ್ನು ಮೇಜಿನ ಮೇಲೆ ಹಾಸಿ ಮುನ್ನೂರ ಅರವತ್ತು ಎಂದಳು. ಮುಚ್ಚಳವನ್ನು ಬಿಡಿಸಿ ಒಂದು ತ್ರಿಕೋನದ ಎತ್ತರ ಅಳೆದಳು, ಐದಕ್ಕೆ ಸ್ವಲ್ಪ ಮೇಲೆ, ಐದು ಪಾಯಿಂಟ್ ಎರಡು. ಒಂದೊಂದೇ ತ್ರಿಕೋನದ ಲೆಕ್ಕ ಮಾಡಿ ಹನ್ನೆರಡರಿಂದ ಗುಣಿಸುತ್ತಾಳೆ ಎಂದು ಮೇಷ್ಟ್ರು ಕಾದರು. ಅವಳು ಹಾಗೆ ಮಾಡಲಿಲ್ಲ. ತಳದ ಹಲ್ಲುಗಳನ್ನೂ ಬಿಡಿಸಿದಳು, ತಲೆಕೆಳಗು ಮಾಡಿದಳು, ಎರಡೂ ಕೈಗಳಿಂದ ತಳ್ಳಿ ಮುಚ್ಚಳದ ಹಲ್ಲುಗಳ ಸಂದಿಗೆ ಸೇರಿಸಿದಳು. ಮೇಲಿನ ಆರು ಕೆಳಗಿನ ಆರರೊಳಗೆ ಸರಿಯಾಗಿ ಕೂತಿತು. ಅವಳ ಬೆರಳು ಆ ಸಾಲಿನ ಈ ತುದಿಯಿಂದ ಆ ತುದಿಗೆ ಹೋಯಿತು, ಮತ್ತೆ ಹಿಂದೆ ಬಂತು.

"ಸರ್, ಇದೂ ಒಂದು ಪಟ್ಟಿಯೇ," ಎಂದಳು. "ಉದ್ದ ಗೋಡೆಗಳಷ್ಟೇ. ಅಗಲ ಮಾತ್ರ ಐದು ಪಾಯಿಂಟ್ ಎರಡು. ತುದಿ ಓರೆ ಉಂಟು, ಒಂದು ಕಡೆಯ ಅರ್ಧ ತ್ರಿಕೋನ ಕತ್ತರಿಸಿ ಇನ್ನೊಂದು ಕಡೆ ಇಟ್ಟರೆ ನೇರ ಆಗ್ತದೆ."

ಅವಳು ಆ ಪಟ್ಟಿಯನ್ನು ಗೋಡೆಗಳ ಪಟ್ಟಿಗೆ ತಾಗಿಸಿ ಇಟ್ಟಳು. ಈಗ ಇಡೀ ಪೆಟ್ಟಿಗೆ ಮೇಜಿನ ಮೇಲೆ ಒಂದೇ ಹಾಸಾಗಿತ್ತು. ಉದ್ದ ಮೂವತ್ತಾರು, ಅಗಲ ಹದಿನೈದು ಪಾಯಿಂಟ್ ಎರಡು. ಬಾಯಲ್ಲೇ ಗುಣಿಸಿ ಐನೂರ ನಲವತ್ತೇಳು ಪಾಯಿಂಟ್ ಎರಡು ಚದರ ಸೆಂಟಿಮೀಟರ್ ಎಂದಳು.

ಮೇಷ್ಟ್ರು ಉತ್ತರ ಸರಿಯೋ ತಪ್ಪೋ ಹೇಳಲಿಲ್ಲ. ಎಂಟು ಬದಿ ಇದ್ದರೆ ಏನು ಮಾಡುತ್ತೀ ಎಂದು ಕೇಳಿದರು. ಎಂಟು ಬದಿಯ ಪೆಟ್ಟಿಗೆಯನ್ನು ಅವಳು ಅಲ್ಲಿಯವರೆಗೆ ಮುಟ್ಟಿಯೇ ಇರಲಿಲ್ಲ.

"ಎಂಟಾದರೂ ಹನ್ನೆರಡಾದರೂ ಅದೇ ಅಲ್ವಾ ಸರ್? ಬದಿ, ಮೂಲೆ ಎಲ್ಲ ಸಮ ಇದ್ದರೆ ಹಲ್ಲುಗಳೂ ಸಮ. ಒಂದರೊಳಗೊಂದು ಕೂರ್ಲೇಬೇಕು. ಎತ್ತರಕ್ಕೆ ನಡುವಿನಿಂದ ಬದಿಗೆ ಇರುವ ದೂರ ಕೂಡಿಸಿ, ಅದರಿಂದ ಸುತ್ತಳತೆಯನ್ನು ಗುಣಿಸುವುದು."

"ಮೂವತ್ತು ವರ್ಷ ಪಾಠ ಮಾಡಿದವನು ನಾನು, ಆ ಹೊತ್ತು ಕನ್ನಡಕ ತೆಗೆದು ಒರೆಸಿಕೊಳ್ಳಬೇಕಾಯಿತು," ಎಂದು ಕೃಷ್ಣಕುಮಾರ್ ಹೇಳಿದರು. ಅವರು ಜಗಲಿಗೆ ಬಂದು ಪ್ರಫುಲ್ಲಾ ಅವರನ್ನು ಒಳಗೆ ಕರೆದರು, ಕುರ್ಚಿ ಕೊಟ್ಟರು, ಗಣಿತ ಬರೆಯಲಿ ಎಂದರು. ಪ್ರಫುಲ್ಲಾ ಮೇಜಿನ ಮೇಲೆ ಮಲಗಿದ್ದ ತಮ್ಮ ಪೆಟ್ಟಿಗೆಯನ್ನು ನೋಡಿದರಂತೆ. ಅದು ಹಾಗೆ ಕೂಡುತ್ತದೆಂದು ಅವರಿಗೂ ಗೊತ್ತಿರಲಿಲ್ಲ.

ಪ್ರಾಪ್ತಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳನ್ನು ಬರೆಯುವ ಸಹಾಯಕ್ಕೆ ಕೂರಿಸಿಕೊಂಡು ಪರೀಕ್ಷೆ ಬರೆದಳು. ಪ್ರಶ್ನೆಪತ್ರಿಕೆಯಲ್ಲಿ ಪಟ್ಟಕದ ಸುದ್ದಿಯೇ ಇರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ. ಮನೆಗೆ ಬಂದವಳು ಅದನ್ನು ಹೇಳಿ ನಕ್ಕಳು. ಕಣ್ಣು ಹೋದ ಮೇಲೆ ಅವಳು ಹಾಗೆ ನಕ್ಕದ್ದನ್ನು ಪದ್ಮಾಕ್ಷಿ ಕೇಳಿರಲಿಲ್ಲ. ಗಣಿತದಲ್ಲಿ ಒಳ್ಳೆಯ ಅಂಕ ಬಂತು. ಫಲಿತಾಂಶದ ದಿನ ಪದ್ಮಾಕ್ಷಿ ಪಾಯಸ ಮಾಡಿ ಪ್ರಫುಲ್ಲಾ ಮನೆಗೆ ತಂದರು. ಬೆರಳಿನ ವಿಷಯದಲ್ಲಿ ಆಡಿದ ಮಾತನ್ನು ಇಬ್ಬರೂ ಎತ್ತಲಿಲ್ಲ. ಈಗ ಪ್ರಾಪ್ತಿ ಮೂಡುಬಿದಿರೆಯಲ್ಲಿ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಿದ್ದಾಳೆ. ಸಂಖ್ಯಾಶಾಸ್ತ್ರವೇ ತೆಗೆದುಕೊಂಡಿದ್ದಾಳೆ.

ಕೃಷ್ಣಕುಮಾರ್ ಆ ಪೆಟ್ಟಿಗೆಯನ್ನು ಶಿಕ್ಷಕರ ಒಂದು ಸಭೆಗೆ ಒಯ್ದದ್ದರಿಂದ ಮುಂದಿನದ್ದೆಲ್ಲ ನಡೆಯಿತು. ಮನೆಮನೆಗೆ ಹೋಗಿ ಕಲಿಸುವ ವಿಶೇಷ ಶಿಕ್ಷಕಿ ಎರಡು ಕೇಳಿದರು. ಆಮೇಲೆ ಅಂಧ ಮಕ್ಕಳ ಶಾಲೆಯೊಂದರಿಂದ ಫೋನ್ ಬಂತು. ಈಗ ದೂರದೂರಿನ ಶಾಲೆಗಳವರೂ ಕೇಳುತ್ತಾರೆ. ಕಣ್ಣಿರುವ ಮಕ್ಕಳಿಗೂ ಇದೇ ಬೇಕೆನ್ನುವ ಮೇಷ್ಟ್ರುಗಳು ಇದ್ದಾರೆ. ಪೆಟ್ಟಿಗೆಯ ಮೇಲೆ ಪ್ರಫುಲ್ಲಾ ತಮ್ಮ ಹೆಸರು ಹಾಕುವುದಿಲ್ಲ. ಹೆಸರು ಹಾಕಿದರೆ ಅಷ್ಟು ಜಾಗ ಉಬ್ಬುತ್ತದೆ, ಮಕ್ಕಳ ಬೆರಳಿಗೆ ಅದೂ ಲೆಕ್ಕದ ಭಾಗವೆಂದು ತೋರಬಹುದು ಎನ್ನುವುದು ಅವರ ಕಾರಣ.

ಹೊಸ ಆಕಾರ ಮಾಡಿದರೆ ಮೊದಲು ಅದು ಪ್ರಾಪ್ತಿಯ ಕೈಗೆ ಹೋಗಬೇಕು. ಅವಳು ರಜೆಯಲ್ಲಿ ಊರಿಗೆ ಬಂದಾಗ ಚಾವಡಿಯಲ್ಲಿ ಕೂತು ಬದಿಬದಿಯನ್ನೂ ಅಳೆಯುತ್ತಾಳೆ, ಅಂಚುಗಳ ಮೇಲೆ ಕೈಯಾಡಿಸುತ್ತಾಳೆ. ಐದು ಬದಿಯ ಪೆಟ್ಟಿಗೆಯನ್ನು ಅವಳು ಮೂರು ಬಾರಿ ವಾಪಸ್ಸು ಕೊಟ್ಟಿದ್ದಾಳೆ. "ಸಣ್ಣ ತಪ್ಪಿದ್ದರೂ 'ಮಾಮಿ, ಇದು ಆಗ್ಲಿಕ್ಕಿಲ್ಲ' ಅಂತಾಳೆ. ಮುಲಾಜೇ ಇಲ್ಲ. ಹಾಗೆ ಇರ್ಬೇಕು," ಎನ್ನುವಾಗ ಪ್ರಫುಲ್ಲಾ ಅವರ ಮುಖದಲ್ಲಿ ಹೆಮ್ಮೆ ಕಾಣುತ್ತದೆ.

ಬಿಸಿಲು ಅಂಗಳಕ್ಕೆ ಬಂದಿದೆ. ಸಂಕಪ್ಪ ಇವತ್ತಿನ ಕಟ್ಟನ್ನು ಬಸ್ಸಿಗೆ ಕೊಡಲು ರಸ್ತೆಗೆ ಹೊರಟಿದ್ದಾರೆ. ಇಷ್ಟು ಕಡೆ ಪೆಟ್ಟಿಗೆ ಹೋಗುತ್ತದಲ್ಲ, ನಿಮಗೇನು ಆಸೆ ಎಂದು ನಾನು ಕೇಳುತ್ತೇನೆ. ಪ್ರಫುಲ್ಲಾ ಕೈಯ ಅಂಟನ್ನು ಒದ್ದೆ ಬಟ್ಟೆಯಿಂದ ಒರೆಸಿಕೊಳ್ಳುತ್ತಾರೆ. ಪೆಟ್ಟಿಗೆ ತರಿಸಿಕೊಳ್ಳುವ ಆ ದೂರದ ಶಾಲೆಗಳಲ್ಲಿ ಒಂದನ್ನೂ ಅವರು ನೋಡಿಲ್ಲ.

"ಪೆಟ್ಟಿಗೆ ಬಿಚ್ಚದ ಹಾಗೆ, ಒತ್ತಿದರೆ ಕೂರುವ ಟಿಚ್ ಬಟನ್ ಹಾಕ್ತೇನೆ ನಾನು. ತೆಗೆಯುವಾಗ ಟಕ್ ಅಂತ ಒಂದು ಶಬ್ದ ಬರ್ತದೆ. ಇಲ್ಲಿ ನಾನೊಬ್ಬಳೇ ಕೇಳುವುದು. ಒಂದು ಕ್ಲಾಸಿನ ಮಕ್ಕಳೆಲ್ಲ ಒಟ್ಟಿಗೆ ತೆಗೆಯುವಾಗ ಹೇಗೆ ಕೇಳ್ತದೋ. ಹಿಂದಿನ ಬೆಂಚಲ್ಲಿ ಒಂದು ಸಲ ಕೂತ್ಕೊಳ್ಬೇಕು ಅಂತ ಉಂಟು. ನಾನು ಬಂದದ್ದು ಅವರಿಗೆ ಗೊತ್ತಾಗುವುದು ಬೇಡ."